ಗ್ರಹಣದ ಹೊತ್ತಿನ ಗಂಟು

ಇವತ್ತು ಮಧ್ಯಾಹ್ನ ಮಗಳು ಹೊಲಿಯುತ್ತಿದ್ದ ಕೌದಿಯ ಅಂಚಿನಲ್ಲಿ ಒಂದು ಎಳೆ ಜೋಲುತ್ತಿತ್ತು. ನನ್ನ ಕೈ ತಾನಾಗಿಯೇ ಅದರ ಕಡೆ ಹೋಯಿತು. ಗಂಟು ಹಾಕಬೇಕು ಅನ್ನುವಷ್ಟರಲ್ಲಿ ಟೀವಿಯವನು ಗ್ರಹಣ ಹಿಡಿಯಿತೆಂದು ಹೇಳಿದ. ಕೈ ಅಲ್ಲಿಯೇ ನಿಂತುಬಿಟ್ಟಿತು. ನೀವು ನಗಬಹುದು. ಗ್ರಹಣವೆಂದರೇನೆಂದು ತಿಳಿಯದವಳಲ್ಲ ನಾನು. ತಿಳಿದೂ ಹೆದರುವವಳು, ಅದೇ ನನ್ನ ಪಾಡು.

ಮದುವೆಗೆ ಮುಂಚೆ ಗಡಹಿಂಗ್ಲಜದ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಭೂಮಿ, ಚಂದ್ರ ಸುತ್ತುವ ಬಗೆಯನ್ನು ತೋರಿಸಲು ಅಲ್ಲಿ ಗೋಳವೂ ಇರಲಿಲ್ಲ, ಪಟವೂ ಇರಲಿಲ್ಲ. ಕೈಯಿಂದ ಎರಡು ಬಳೆ ತೆಗೆದು, ಒಂದರೊಳಗೊಂದು ತುಸು ಓರೆಯಾಗಿ ಹಿಡಿಯುತ್ತಿದ್ದೆ. ಒಂದು ಭೂಮಿಯ ದಾರಿಯ ಮಟ್ಟ, ಇನ್ನೊಂದು ಚಂದ್ರನ ದಾರಿ. ಎರಡೂ ಕೂಡುವುದು ಎರಡೇ ಕಡೆ. ಪ್ರತಿ ಅಮಾವಾಸ್ಯೆಗೂ ಚಂದ್ರ ನಮಗೂ ಸೂರ್ಯನಿಗೂ ನಡುವೆ ಬರುತ್ತಾನೆ, ಆದರೆ ಸಾಮಾನ್ಯವಾಗಿ ತುಸು ಮೇಲೋ ಕೆಳಗೋ ಹಾದುಹೋಗುತ್ತಾನೆ. ಆ ಕೂಡುವ ಜಾಗದ ಹತ್ತಿರ ಸಿಕ್ಕಾಗ ಮಾತ್ರ ಅವನ ನೆರಳು ನಮ್ಮ ಮೇಲೆ. ಹುಡುಗಿಯರ ಕಣ್ಣೆಲ್ಲ ಬಳೆಯ ಮೇಲೆ, ಪಾಠದ ಮೇಲಲ್ಲ. ಇದರಲ್ಲಿ ಹೆದರುವಂಥದ್ದೇನೂ ಇಲ್ಲವೆಂದು ಹೇಳಿ ಬಳೆ ತೊಟ್ಟುಕೊಳ್ಳುತ್ತಿದ್ದೆ. ಹೊಟ್ಟೆಯಲ್ಲಿ ಕೂಸಿಲ್ಲದಾಗ ಹಾಗೆ ಹೇಳುವುದು ಸುಲಭ.

ಕೊಟ್ಟಿದ್ದು ಇಚಲಕರಂಜಿಗೆ, ಅಲ್ಲಿನ ಶಹಾಪುರ ಓಣಿಯ ಮನೆಗೆ. ಅಡುಗೆಮನೆಯ ಗೋಡೆಯಾಚೆಗೇ ಮಗ್ಗಗಳ ಶೆಡ್ಡು. ಹಗಲೂ ರಾತ್ರಿ ಖಟಾಖಟ್ ಸದ್ದು, ಗಂಜಿ ಹಾಕಿದ ನೂಲಿನ ಹುಳಿವಾಸನೆ. ಮೊದಲ ವಾರ ನಿದ್ದೆಯಿಲ್ಲ. ಆಮೇಲೆ ತವರಿಗೆ ಹೋದರೆ ಆ ಸದ್ದಿಲ್ಲದೆ ನಿದ್ದೆಯಿಲ್ಲ. ಅತ್ತೆ ನನಗೆ ಲಾಳಿಯೊಳಗಿಡುವ ಕಾಂಡಿಗೆ ನೂಲು ಸುತ್ತುವುದನ್ನು ಕಲಿಸಿದರು, ಹರಿದ ಎಳೆಗೆ ಗಂಟು ಹಾಕುವುದನ್ನು ಕಲಿಸಿದರು. ಬೆರಳೆರಡು ತಿರುಗಿದರೆ ಗಂಟು, ಕೂಡಲೇ ತುದಿ ಕತ್ತರಿಸಬೇಕು. ನಮ್ಮ ಓಣಿಯವರ ಕೈಗೆ ಅಂಟಿದ ಗುಣವಿದು. ಮದುವೆಮನೆಯಲ್ಲಿ ಪಕ್ಕ ಕೂತವರ ಸೆರಗಿನ ಎಳೆಯನ್ನೂ ನಾವು ಬಿಡುವುದಿಲ್ಲ.

ಪಲ್ಲವಿ ಹೊಟ್ಟೆಯಲ್ಲಿದ್ದಾಗ, ಏಳನೆಯ ತಿಂಗಳಲ್ಲಿ, ಸೂರ್ಯಗ್ರಹಣ ಬಂತು. ಬಸುರಿ ಗ್ರಹಣದಲ್ಲಿ ಏನನ್ನೂ ಕೊಯ್ಯಬಾರದು, ಗಂಟು ಹಾಕಬಾರದು, ಇಲ್ಲವಾದರೆ ಕೂಸಿಗೆ ಊನ. ಬೇರೆ ಮನೆಗಳಲ್ಲಿ ಇದು ಮಾತು ಮಾತ್ರ. ನಮ್ಮ ಮನೆಯಲ್ಲಿ ಸಾಕ್ಷಿಯಿತ್ತು. ನನ್ನ ಗಂಡನ ಅಣ್ಣ, ನಮ್ಮ ಭಾವ, ಸೀಳು ತುಟಿಯೊಂದಿಗೆ ಹುಟ್ಟಿದವರು. ಅತ್ತೆ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದರಂತೆ, ಓಣಿಗೆಲ್ಲ ಗೊತ್ತು. ಭಾವ ಊಟಕ್ಕೆ ಕೂತಾಗ ಅವರ ಮೇಲ್ದುಟಿಯ ಹೊಲಿಗೆಯ ಗೆರೆ ಕಾಣುತ್ತಿತ್ತು, ನನ್ನ ಕೈ ನನ್ನ ಹೊಟ್ಟೆಯ ಮೇಲೆ ಹೋಗುತ್ತಿತ್ತು.

ಗ್ರಹಣದ ದಿನ ಕಿಟಕಿಗೆ ಕಂಬಳಿ ಕಟ್ಟಿ ನನ್ನನ್ನು ಕೋಣೆಯಲ್ಲಿ ಕೂಡಿಸಿದರು. ಮಗ್ಗಗಳನ್ನೂ ನಿಲ್ಲಿಸಿದರು. ಆ ಮನೆಯಲ್ಲಿ ನಾನು ಅಂಥ ಮೌನ ಕೇಳಿರಲೇ ಇಲ್ಲ. ಮಗ್ಗದ ಸದ್ದಿಗೆ ಸದಾ ಒದೆಯುತ್ತಿದ್ದ ಕೂಸು ತಣ್ಣಗಾಯಿತು. ಹೊಟ್ಟೆ ತಟ್ಟಿದೆ, ಮಗ್ಗುಲು ಬದಲಿಸಿದೆ, ಏನೂ ಇಲ್ಲ. ಕತ್ತಲಲ್ಲಿ ಬಳೆ ತಡವುತ್ತ, ಇದು ಭೂಮಿಯ ದಾರಿ, ಇದು ಚಂದ್ರನದು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಚಂದ್ರ ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಕೂಸು ಏನು ಮಾಡುತ್ತಿದೆಯೆಂದು ಗೊತ್ತಿರಲಿಲ್ಲ. ಯಾವಾಗಲೋ ನಾಲಿಗೆಗೆ ನೂಲಿನ ಚೂರು ತಗುಲಿತು. ಬೆರಳು ಸೆರಗಿನ ಎಳೆಗಳಿಗೆ ಗಂಟು ಹಾಕಿತ್ತು, ಹಲ್ಲು ತುದಿ ಕಡಿದಿತ್ತು.

ಕೂಗಿದೆನಂತೆ. ಅತ್ತೆ ಬಂದರು.

“ಗಂಟ ಹಾಕಿದ್ನಿರಿ ಅತ್ತಿ. ಹಲ್ಲಿಲೆ ಕಡದ್ನಿ. ಕೂಸ ಅಳ್ಳಾಡವಲ್ದು.”

ಬೈಗುಳಕ್ಕೆ ಕಾದು ಕೂತೆ. ಅವರು ಬಾಗಿಲು ಮುಚ್ಚಿ, ಪಕ್ಕದಲ್ಲಿ ಕೂತು, ನನ್ನ ಸೆರಗು ತಡವಿ ಆ ಗಂಟನ್ನು ಹುಡುಕಿ ಹಿಡಿದುಕೊಂಡರು.

“ನಾ ಬದನಿಕಾಯಿ ಕೊಯ್ದೇ ಇಲ್ಲವಾ,” ಅಂದರು. “ಗ್ರಹಣ ಬಿಡೂತನಕ ಕಟಗಿ ಹಂಗ ಬಿದ್ದಿದ್ನಿ. ಕೂಸಿನ ತುಟಿ ನೋಡಿ ಎಲ್ಲಾರೂ ಏನ್ ಮಾಡಿದಿ, ಏನ್ ಮಾಡಿದಿ ಅಂತ ಕೇಳಿದ್ರು. ಏನೂ ಮಾಡಿಲ್ಲ ಅಂದ್ರ ಬಿಡಲಿಲ್ಲ. ಕಡೀಕ ಬದನಿಕಾಯಿ ಅಂದ್ನಿ. ಸುಮ್ಮನಾದ್ರು.”

ಹಾಗಾದರೆ ನನ್ನನ್ನೇಕೆ ಕತ್ತಲಲ್ಲಿ ಕೂಡಿಸಿದಿರಿ ಎಂದೆ.

“ನಾಳೆ ನಿನ್ನ ಯಾರೂ ಕೇಳಬಾರದಂತ. ಕೇಳಿದ್ರ, ಈ ಗಂಟ ನಮ್ಮ ಅತ್ತಿ ಹಾಕ್ಯಾಳ ಅಂತ ಹೇಳು. ನನಗ ರೂಢಿ ಐತಿ.”

ಗ್ರಹಣ ಬಿಟ್ಟಿತು, ಆಚೆ ಮಗ್ಗ ಶುರುವಾಯಿತು. ಸದ್ದಿಗೆ ಪಲ್ಲವಿ ಒದ್ದಳು. ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆದರೂ ಹೆದರಿಕೆ ಪೂರ್ತಿ ಹೋಗಲಿಲ್ಲ. ಹೆರಿಗೆಯಾದಾಗ ಗಂಡೋ ಹೆಣ್ಣೋ ಎಂದು ಕೇಳುವ ಮೊದಲೇ ಕೂಸಿನ ತುಟಿಯ ಮೇಲೆ ಬೆರಳಾಡಿಸಿ ನೋಡಿದ್ದೆ. ತುಟಿ ನೆಟ್ಟಗಿತ್ತು.

ಅತ್ತೆ ಈಗಿಲ್ಲ. ಪಲ್ಲವಿ ಹೆರಿಗೆಗೆಂದು ಕೊಲ್ಹಾಪುರದಿಂದ ಬಂದಿದ್ದಾಳೆ. ಅವಳ ಅತ್ತೆ ಬೆಳಿಗ್ಗೆಯೇ ಫೋನು ಮಾಡಿ, ಗ್ರಹಣ ನೇಮದಿಂದ ಪಾಲಿಸಿ ಎಂದು ಹೇಳಿದ್ದರು. ನಾನು ಹೂಂ ಎಂದಿದ್ದೆ. ಕಂಬಳಿ ಎಲ್ಲಿದೆಯೆಂದು ಮನಸ್ಸಿನಲ್ಲೇ ಹುಡುಕಿಯೂ ಇದ್ದೆ.

ಎಳೆಯ ಹತ್ತಿರ ನಿಂತ ನನ್ನ ಕೈಯನ್ನು ಪಲ್ಲವಿ ನೋಡಿದಳು. ಅವಳ ತೊಡೆಯ ಮೇಲೆ ಕತ್ತರಿ. “ಅವ್ವಾ, ನಾ ಒಳಗ ಹೋಗಲೇನು?” ಅಂದಳು. ಓದಿದ ಹುಡುಗಿ, ಆದರೂ ಸೂಜಿ ಹಿಡಿದ ಬೆರಳು ಬಿಳುಚಿತ್ತು. ಆಗ ಅವಳಿಗೆ ಇದನ್ನೆಲ್ಲ ಹೇಳಿದೆ.

“ಆಯಿ ಆ ತಪ್ಪನ್ನ ಒಬ್ಬಾಕಿನ ಹೊತ್ಕೊಂಡಿದ್ಲಲ್ಲ,” ಅಂದಳು ಅಜ್ಜಿಯನ್ನು ನೆನೆದು.

ಅಂಗಳದ ಬಿಸಿಲು ಮಂಕಾಗತೊಡಗಿತ್ತು. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು ಎಂಬ ಮಾತು ನನ್ನ ತುಟಿಗೆ ಬಂತು. ಆಡಲಿಲ್ಲ. ಇನ್ನೊಂದು ಸೂಜಿಗೆ ದಾರ ಪೋಣಿಸಿ, ಅವಳ ಪಕ್ಕದಲ್ಲಿ ಕೂತು, ಅದೇ ಅಂಚನ್ನು ಹೊಲಿಯತೊಡಗಿದೆ. ಹೆದರಿಕೆಗೆ ನನ್ನ ಹೊಲಿಗೆ ಸೊಟ್ಟಗಾಯಿತು. ಅವಳದೂ ಸೊಟ್ಟಗೇ ಇತ್ತು. ಗ್ರಹಣ ಬಿಡುವಷ್ಟರಲ್ಲಿ ಒಂದು ಬದಿ ಮುಗಿದಿತ್ತು. ಅದರ ಗಂಟುಗಳಲ್ಲಿ ಅವಳದ್ಯಾವುದು, ನನ್ನದ್ಯಾವುದು, ಇನ್ನು ಯಾರು ಕೇಳಿದರೂ ನಮಗೆ ಹೇಳಲು ಬರುವುದಿಲ್ಲ.