ಆರ್ಕೋಸ್ ಚರ್ಚಿನ ಮೆಟ್ಟಿಲು

೨೦೨೩ರ ಮೇ ತಿಂಗಳು, ಬೆಳಿಗ್ಗೆ ಹನ್ನೊಂದೂವರೆ. ದಕ್ಷಿಣ ಸ್ಪೇನಿನ ಬೆಟ್ಟದ ಮೇಲಿನ ಹಳೆಯ ಊರು ಆರ್ಕೋಸ್‌ನಲ್ಲಿ, ಒಂದು ಚರ್ಚಿನ ಬಾಗಿಲ ಎಡಗಂಬದ ಪಕ್ಕ ನಾನು ನಿಂತಿದ್ದೆ. ನಮ್ಮೊಂದಿಗೆ ಬಂದಿದ್ದ ಅಟ್ಲಾಂಟಾದ ಡಾಕ್ಟರ್ ಅಂಕಲ್ ಒಳಗೆ ಕೈಮುಗಿದರು. ದೇವರಿಗೆ ಬೆನ್ನು ತೋರಿಸಬಾರದೆಂದು, ಗರ್ಭಗುಡಿಯ ಮುಂದೆ ಮಾಡುವಂತೆಯೇ, ಹಿಂದಕ್ಕೆ ಹೆಜ್ಜೆಯಿಡುತ್ತ ಹೊಸ್ತಿಲು ದಾಟಿದರು. ಅವರ ಹಿಂದೆ ಕಡಿದಾದ ಮೆಟ್ಟಿಲುಗಳಿದ್ದವು. ಅವು ನನಗೆ ಕಾಣುತ್ತಿದ್ದವು. ಹಿರಿಯರನ್ನು ನಡುವೆ ತಡೆಯುವುದು ಹೇಗೆಂದು ಸುಮ್ಮನಿದ್ದೆ.

"ಅಂಕಲ್, ಸ್ಟೆಪ್ಸ್!" ಎದುರು ಕಂಬದ ಬಳಿಯಿದ್ದ ನನ್ನ ಹೆಂಡತಿ ಅವರ ಜಾಕೆಟ್ ಹಿಡಿದೆಳೆದಳು. ಒಂದು ಹಿಮ್ಮಡಿ ಆಗಲೇ ಗಾಳಿಯಲ್ಲಿತ್ತು.

"ದೇವ್ರು ಕಾಪಾಡ್ದ," ಎಂದು ಅಂಕಲ್ ನಕ್ಕರು.

"ದೇವ್ರಲ್ಲ ಅಂಕಲ್, ನಾನು," ಎಂದಳು. ಇಬ್ಬರೂ ನನ್ನತ್ತ ನೋಡಿದರು.

ಕಳೆದ ವರ್ಷ ಅವರು ತಮ್ಮ ಮನೆಯಲ್ಲಿ, ಹಾಸಿಗೆಯ ಮೇಲೆ ತೀರಿಕೊಂಡರು. ಅಂದು ನಾನು ಸುಮ್ಮನಿದ್ದುದನ್ನು ಕಂಡವರಲ್ಲಿ ಈಗ ಬದುಕಿರುವವಳು ನನ್ನ ಹೆಂಡತಿಯೊಬ್ಬಳೇ.