ಹಾಸಿಗೆ ಹಬ್ಬದಲ್ಲಿ ತೊಳೆದ ಮುಖ

ಒದ್ದೆ ಕೌದಿಯ ವಾಸನೆ ಬಂದರೆ ಇಂದಿಗೂ ನನ್ನ ಬೆರಳುಗಳು ತಾವಾಗಿಯೇ ಮುಷ್ಟಿ ಕಟ್ಟುತ್ತವೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿ ನೀರು ಕುಡಿದಾಗ ಬಿಡುವ ವಾಸನೆಯೇ ಬೇರೆ. ಅದರಲ್ಲಿ ತಲೆಯೆಣ್ಣೆ ಇರುತ್ತದೆ, ಕೂಸಿನ ಉಚ್ಚೆ ಇರುತ್ತದೆ, ಸೋಡಾಪುಡಿ ಇರುತ್ತದೆ, ಎಂದೋ ಜ್ವರ ಬಂದು ಮಲಗಿದವರ ಬೆವರೂ ಇರುತ್ತದೆ. ದಸರೆಗೆ ಮೊದಲು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹೊಳೆಗೋ ಕಾಲುವೆಗೋ ಹೊತ್ತು ತೊಳೆಯುವ ಹಾಸಿಗೆ ಹಬ್ಬ ನಮ್ಮ ಕಡೆಯವರಿಗೆಲ್ಲ ಗೊತ್ತು. ಈ ವರ್ಷ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೋ ಮಹಡಿ ಮೆಟ್ಟಿಲಿನ ಕಂಬಿಯ ಮೇಲೆ ಒಂದು ಕೌದಿ ಒಣಹಾಕಿದ್ದರು. ಕೆಲಸಕ್ಕೆ ಹೊರಟವಳು ಅಲ್ಲೇ ಕುಳಿತುಬಿಟ್ಟೆ. ಕೆಳಗಿನಿಂದ ಬಂದ ಹೆಂಗಸು "ಯಾಕ್ರೀ ಅಕ್ಕಾರ, ತಲಿ ತಿರುಗಿತೇನು?" ಎಂದು ಕೇಳಿದಳು. ಹೌದೆಂದೆ. ಅವಳಿಗೆ ಏನೆಂದು ಹೇಳಲಿ? ಆಗ ನನಗೆ ಹತ್ತು ವರ್ಷ ಎನ್ನಲೇ? ಕೌದಿಯ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ನನ್ನ ಅಜ್ಜಿಯ ಕೈಯಲ್ಲಿತ್ತು, ನಡುವೆ ಕಾಲುವೆ ಹರಿಯುತ್ತಿತ್ತು ಎನ್ನಲೇ?

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಿಳಿಯರ ಕಾಲದ ಒಂದು ಬಂಗಲೆಯ ಹಿಂದೆ ಆಳುಗಳಿಗೆಂದು ಕಟ್ಟಿದ ಸಾಲುಮನೆಗಳಿದ್ದವು. ಅವುಗಳಲ್ಲಿ ಕೊನೆಯದು ನಮ್ಮದು. ಈಗ ಬಂಗಲೆಯೂ ಇಲ್ಲ, ಸಾಲುಮನೆಯೂ ಇಲ್ಲ, ಅಂಗಳದ ಹುಣಸೆಮರವೂ ಇಲ್ಲ. ಎರಡು ಕೋಣೆ, ಒಂದು ಪಡಸಾಲೆ. ಪಡಸಾಲೆಯ ಗೋಡೆಯ ಮೇಲೆ ದೇವರ ಪಟಗಳ ಪಕ್ಕದಲ್ಲಿ ಒಂದು ಚಿತ್ರ. ಅದರಲ್ಲಿ ಜಾಲರಿ ಕಿಟಕಿಯ ಮುಂದೆ ರತ್ನಗಂಬಳಿಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ನೀರಿನಷ್ಟು ತೆಳುವಾದ ನೀಲಿ ಮೇಲುದ, ದೊಗಲೆ ಇಜಾರ, ಮೂತಿ ಮೇಲಕ್ಕೆ ಬಾಗಿದ ಕೆಂಪು ಜೋಡು, ಒಂದು ಕೈಯಲ್ಲಿ ಉದ್ದ ಕತ್ತಿನ ಹೂಜಿ, ಇನ್ನೊಂದು ಕೈಯ ಮೇಲೆ ಬಿಳಿ ಪಾರಿವಾಳ. ಆ ಹೆಂಗಸು ನನ್ನ ಅಜ್ಜಿಯ ಅವ್ವ. ಸಿರುಗುಪ್ಪದ ಕಡೆಯ ಸಿರಿಗೇರಿಯಿಂದ ಬಂದು ಆ ಬಂಗಲೆಯ ಬಿಳಿ ದೊರೆಯ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದವಳು. ಬಣ್ಣದ ಹುಚ್ಚಿದ್ದ ಆ ದೊರೆ ಅವಳನ್ನು ವರಾಂಡದಲ್ಲಿ ನಿಲ್ಲಿಸಿಕೊಂಡು ನೀರುಬಣ್ಣದಲ್ಲಿ ಬರೆದನಂತೆ. ಊರಿಗೆ ಹೊರಟಾಗ ಚಿತ್ರವನ್ನು ಅವಳಿಗೇ ಬಿಟ್ಟುಹೋದನಂತೆ. ಅವಳು ಉಟ್ಟಿದ್ದು ಮಾತ್ರ ಇಳಕಲ್ಲಿನ ಹಳೇ ಸೀರೆ, ಕೈಯಲ್ಲಿದ್ದದ್ದು ದೊರೆಯ ಕೂಸಿನ ಹಾಲಿನ ಬಟ್ಟಲು. ಉಳಿದದ್ದೆಲ್ಲ ದೊರೆ ತನ್ನ ತಲೆಯಿಂದ ಇಳಿಸಿದ್ದು. ಮುಂದೆ ಕಾಲೇಜಿನಲ್ಲಿ ಓದುವಾಗ, ನಮ್ಮ ಕಡೆಯ ಹೆಂಗಸರನ್ನು ಹೀಗೆ ಜನಾನಾದ ಕನಸಿನಲ್ಲಿ ಅದ್ದಿ ತೆಗೆದು ತಮ್ಮ ಊರಿಗೆ ತೋರಿಸುವುದು ಆ ಜನರಲ್ಲಿ ಒಂದು ರೂಢಿಯೇ ಆಗಿತ್ತೆಂದು ತಿಳಿದು ನನಗೆ ಸಿಟ್ಟು ಬಂದಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಸಿಟ್ಟಿರಲಿಲ್ಲ. ನಗುವಿತ್ತು. ಅಜ್ಜ ಬೀಡಿ ಹಚ್ಚಿಕೊಂಡು ಚಿತ್ರದ ಕೆಳಗೆ ಕುಳಿತು, "ನಮ್ಮತ್ತಿ ಸೊಂಟಕ್ಕ ಕುಡುಗೋಲು ಸಿಗಿಸಿಕೊಂಡು ಅಡ್ಡಾಡಿದಾಕಿ ಅಂತ. ಇಲ್ಲಿ ನೋಡಿದ್ರ ಪಾರಿವಾಳ ಹಿಡ್ಕೊಂಡು ನಿಂತಾಳ. ಹಂಗಾರ ಇವತ್ತಿನಿಂದ ನನಗ ನವಾಬರ ಮನಿ ಅಳಿಯ ಅನ್ರಿ" ಎನ್ನುತ್ತಿದ್ದ. ಅಜ್ಜಿ ರೊಟ್ಟಿ ಬಡಿಯುತ್ತಲೇ, "ಮೈ ಯಾರದರ ಇರ್ಲಿ, ಮಾರಿ ನಮ್ಮವ್ವಂದು" ಎನ್ನುತ್ತಿದ್ದಳು.

ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ಅವ್ವ ಸತ್ತಾಗ ಅಜ್ಜಿಗೆ ಮೂರು ವರ್ಷ. ನಡೆದಾಡುವ ಅವ್ವ ಅವಳಿಗೆ ನೆನಪೇ ಇಲ್ಲ. ಚಿತ್ರದಲ್ಲಿರುವುದು ನಿಮ್ಮವ್ವನದೇ ಮುಖ, ಕಡೆದಿಟ್ಟಂತೆ ಹಾಗೆಯೇ ಇದೆ ಎಂದು ಸಾಕಿದ ದೊಡ್ಡವ್ವ ಹೇಳಿದ್ದಳು. ಅಜ್ಜಿಗೆ ಅಷ್ಟೇ ಆಸ್ತಿ. ದಿನಾ ಬೆಳಿಗ್ಗೆ ದೇವರಿಗೆ ಕುಂಕುಮ ಇಟ್ಟ ಬೆರಳಿನಲ್ಲಿಯೇ ಆ ಗಾಜಿನ ಮೇಲೂ ಒಂದು ಬೊಟ್ಟು ಇಡುತ್ತಿದ್ದಳು. ಅಮಾವಾಸ್ಯೆಗೆ ಎಡೆ ಹಿಡಿಯುತ್ತಿದ್ದಳು. ವರ್ಷಗಳ ಕುಂಕುಮ, ಒಲೆಯ ಮಸಿ, ಊದುಬತ್ತಿಯ ಹೊಗೆ ಗಾಜಿಗೆ ಅಂಟಿ, ಗಾಜಿನ ಒಳಗೂ ಧೂಳು ಇಳಿದು, ಕೊನೆಕೊನೆಗೆ ಆ ಮುಖ ಮುಸುಕಿನೊಳಗೆ ಇದ್ದಂತೆ ಕಾಣುತ್ತಿತ್ತು.

ನನಗೆ ಹತ್ತಾದ ಆ ವರ್ಷ ಶ್ರಾವಣದಲ್ಲಿ ಅಜ್ಜ ತೀರಿಕೊಂಡ. ಸಾವಾದ ಮನೆಯಲ್ಲಿ ಹಾಸಿಗೆ ಹಬ್ಬಕ್ಕೆ ಒಂದು ವಸ್ತುವೂ ನೀರು ಕಾಣದೆ ಉಳಿಯಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಬಳ್ಳಾರಿಯ ನಳದ ನೀರನ್ನು ನಂಬಿ ಅಷ್ಟೆಲ್ಲ ತೊಳೆಯುವ ಹಾಗಿರಲಿಲ್ಲ. ನಮ್ಮತ್ತೆ ಈರಮ್ಮನನ್ನು, ಅಂದರೆ ಅಪ್ಪನ ಅಕ್ಕನನ್ನು, ಕುರುಗೋಡಿಗೆ ಕೊಟ್ಟಿತ್ತು. ಅವರ ಹೊಲದ ಬಳಿ ಕಾಲುವೆ ಹರಿಯುತ್ತದೆ. ಟೆಂಪೊಗೆ ಕೌದಿ, ಗಾದಿ, ಪಾತ್ರೆ, ಮಣೆ ಎಲ್ಲ ಹೇರಿದ ಮೇಲೆ ಅಜ್ಜಿ ಚಿತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅಪ್ಪ ಬೇಡವೆಂದ.

"ಅದನ್ನ ಯಾಕ ಒಯ್ತಿಬೇ? ಒದ್ದಿ ಬಟ್ಟಿಲೆ ಒರಸಿದ್ರ ಸಾಕು."

"ನಿಮ್ಮಪ್ಪ ಸತ್ತ ಮನ್ಯಾಗ ಎಲ್ಲಾರೂ ಮಡಿ ಆಗಬೇಕು, ನಮ್ಮವ್ವ ಒಬ್ಬಾಕಿ ಮೈಲಿಗ್ಯಾಗ ಇರ್ಬೇಕೇನು?"

ಅಪ್ಪ ಟೆಂಪೊದ ಹಗ್ಗ ಬಿಗಿದು ಕಟ್ಟಿದ. ಅವನು ಕೆಲಸಕ್ಕೆ ಹೋದ. ನಾವು ಕುರುಗೋಡಿಗೆ ಹೋದೆವು.

ಹತ್ತು ಗಂಟೆಯ ಬಿಸಿಲು. ಕಾಲುವೆ ತುಂಬಿ ಹರಿಯುತ್ತಿತ್ತು. ದಂಡೆಯ ಇಳಿಜಾರಿನಲ್ಲಿ ಕಲ್ಲಿನ ಮೆಟ್ಟಿಲು. ಕೊನೆಯ ಎರಡು ನೀರೊಳಗೆ, ಪಾಚಿ ಕಟ್ಟಿದ್ದವು. ಅತ್ತೆ ಮೇಲೆ ಬಂಡೆಗಳ ಮೇಲೆ ಗಾದಿ ಹರವುತ್ತಿದ್ದಳು. ನನಗೆ ದೊಡ್ಡ ಕೌದಿಯೊಂದನ್ನು ಜಾಲಿಸುವ ಕೆಲಸ ಕೊಟ್ಟಿದ್ದಳು. ಅರ್ಧ ನೀರಿನಲ್ಲಿ ತೇಲಿಬಿಟ್ಟು ಉಳಿದರ್ಧದ ಮೇಲೆ ಕುಳಿತಿದ್ದೆ. ಅಜ್ಜಿ ನನಗಿಂತ ಎರಡು ಮೆಟ್ಟಿಲು ಕೆಳಗೆ. ಕುಡುಗೋಲಿನ ತುದಿಯಿಂದ ಮೊಳೆ ಎಬ್ಬಿಸಿ, ಚೌಕಟ್ಟು ಬಿಚ್ಚಿ, ಗಾಜನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಪಕ್ಕಕ್ಕಿಟ್ಟಳು. ಆಮೇಲೆ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅವಳು ಏನು ಮಾಡಲಿದ್ದಾಳೆಂದು ನನಗೆ ಗೊತ್ತಾಯಿತು. ನನ್ನ ಹತ್ತಿರ ಬಣ್ಣದ ಡಬ್ಬಿ ಇತ್ತು. ನೀರು ಚೆಲ್ಲಿದರೆ ಆ ಬಣ್ಣದ ಗತಿ ಏನೆಂದು ಶಾಲೆಯಲ್ಲಿ ನೋಡಿದ್ದೆ.

"ಅಜ್ಜಿ, ಅದು ನೀರಿಗೆ..." ಎಂದೆ.

ಅತ್ತೆ ಮೇಲಿಂದ ಗದರಿದಳು: "ಸುಮಿ, ಹಿರೇರು ಮಾಡೋದರಾಗ ಬಾಯಿ ಹಾಕಬ್ಯಾಡ. ಮೊದ್ಲು ಕೌದಿ ಜಾಲ್ಸು."

ಬಾಯಿ ಮುಚ್ಚಿದೆ. ಗದರಿಕೆಗೆ ಹೆದರಿ ಮಾತ್ರ ಅಲ್ಲ. ಅಜ್ಜ ಸತ್ತಮೇಲೆ ಮೊದಲ ಸಲ ಅಜ್ಜಿಯ ಮುಖ ಅರಳಿತ್ತು. ಗಾಜಿಲ್ಲದ ತನ್ನ ಅವ್ವನನ್ನು ಅವಳು ಎಂದೂ ಕಂಡಿರಲಿಲ್ಲ.

ಕಾಗದವನ್ನು ನೀರಿಗೆ ಅದ್ದಿದಳು. ಮೇಲುದದ ನೀಲಿ ಮೊದಲು ಬಿಟ್ಟಿತು, ಅವಳ ಮಣಿಕಟ್ಟಿನ ಮೇಲೆ ಇಳಿಯಿತು. "ನೋಡಬೇ, ಎಷ್ಟು ಹೊಲಸು ಬಿಡ್ತು ನಮ್ಮವ್ವನ ಮೈದು" ಎಂದು ನಕ್ಕಳು. ಹಳದಿ ಬಿಟ್ಟಿತು, ಕೆಂಪು ಬಿಟ್ಟಿತು. ಅಜ್ಜಿ ಅಂಟುವಾಳದ ನೊರೆ ಹಚ್ಚಿ, ಕೂಸಿನ ಮುಖ ತೊಳೆಯುವ ಹಾಗೆ ಅಂಗೈಯಿಂದ ಮೆಲ್ಲಗೆ, ಬಹಳ ಮೆಲ್ಲಗೆ ಉಜ್ಜಿ, ಮತ್ತೊಮ್ಮೆ ಅದ್ದಿ ಎತ್ತಿದಳು.

ಎತ್ತಿ ನೋಡಿದಳು. ನಾನೂ ನೋಡಿದೆ. ಮುಖವಿದ್ದಲ್ಲಿ ಬರೀ ಒದ್ದೆ ಕಾಗದ. ಅಜ್ಜಿ ಬಲಗೈಯಲ್ಲಿ ಕಾಗದ ಹಿಡಿದುಕೊಂಡೇ, ಬಣ್ಣ ಹೋದ ದಿಕ್ಕಿಗೆ ಎಡಗೈ ಚಾಚಿ ನೀರನ್ನು ತನ್ನ ಕಡೆ ಗೋರತೊಡಗಿದಳು, ಹಿಟ್ಟು ಚೆಲ್ಲಿದರೆ ಬಾಚಿಕೊಳ್ಳುವ ಹಾಗೆ. ಒಂದು ಮೆಟ್ಟಿಲು ಇಳಿದಳು. ಇನ್ನೊಂದಕ್ಕೆ ಕಾಲಿಟ್ಟಳು. ಪಾಚಿ.

ನೀರು ಅವಳನ್ನು ಎಳೆದುಕೊಂಡಿತು. ನನ್ನ ಕೌದಿಯ ತೇಲುವ ಅಂಚು ಅವಳ ಎಡಗೈಗೆ ಸಿಕ್ಕಿತು. ಮುಂದಿನದು ಎಷ್ಟು ಹೊತ್ತು ನಡೆಯಿತೋ ನನಗೆ ಗೊತ್ತಿಲ್ಲ. ನನ್ನೊಳಗೆ ಅದು ಇನ್ನೂ ನಡೆಯುತ್ತಲೇ ಇದೆ. ಕೌದಿ ನನ್ನ ತೊಡೆಯ ಕೆಳಗಿನಿಂದ ಜಾರುತ್ತಿದೆ, ಒಂದು ಗೇಣು, ಇನ್ನೊಂದು ಗೇಣು. ಹಿಮ್ಮಡಿಯನ್ನು ಮೆಟ್ಟಿಲಿಗೆ ಒತ್ತಿದ್ದೇನೆ, ಮೆಟ್ಟಿಲೂ ನುಣುಪು. ಇನ್ನೆರಡು ಗೇಣು ಜಾರಿದರೆ ನಾನೂ ಹೋಗುತ್ತೇನೆ. ಅತ್ತೆ ಬಂಡೆಯಿಂದ ಬಂಡೆಗೆ ಜಿಗಿಯುತ್ತ ಓಡಿಬರುತ್ತಿದ್ದಾಳೆ. "ಯವ್ವಾ, ಆ ಕೈಲೂ ಹಿಡಿಬೇ! ಎರಡೂ ಕೈಲೆ ಹಿಡಿ!" ಅಜ್ಜಿಯ ಬಲಗೈ ನೀರಿನ ಮೇಲೆ ಎತ್ತಿದಂತೆಯೇ ಇದೆ. ಅದರಲ್ಲಿ ಕಾಗದ. ಅವಳು ಬೇಡವೆಂದು ತಲೆ ಅಲ್ಲಾಡಿಸುತ್ತಾಳೆ.

ಆಗ ಕಿರುಚಿದವಳು ನಾನು: "ಅಜ್ಜಿ, ಅದರಾಗ ನಿಮ್ಮವ್ವ ಇಲ್ಲ! ಬರೇ ಕಾಗದ ಐತಿ, ಬಿಡು!"

ಅಜ್ಜಿ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು. ಆ ನೀರಿನಲ್ಲಿ, ಆ ಸೆಳವಿನಲ್ಲಿ, ಒಮ್ಮೆ ಸರಿಯಾಗಿ ನೋಡಿದಳು. ಬಿಟ್ಟಳು. ಎರಡೂ ಕೈ ಕೌದಿಗೆ ಬಂದವು. ಅತ್ತೆ ನನ್ನ ಮೇಲೆ ಬಿದ್ದೇ ಕೌದಿ ಹಿಡಿದಳು; ದಂಡೆಯ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿದ್ದ ಇಬ್ಬರು ಓಡಿಬಂದು ಎಳೆದರು. ಮೆಟ್ಟಿಲ ಮೇಲೆ ಬಿದ್ದ ಅಜ್ಜಿ ನೀರು ಕಾರಿದಳು. ಅವರಲ್ಲೊಬ್ಬ, "ಏನಮ್ಮಾ, ಒಂದು ಹಾಳಿ ಸಲುವಾಗಿ ಮೊಮ್ಮಗಳನ್ನೂ ಒಯ್ತಿದ್ದೆಲ್ಲ" ಎಂದ. ಒಳ್ಳೆಯ ಮನುಷ್ಯ. ಅವನಿಗೇನು ಗೊತ್ತು.

ಸಂಜೆ ಅತ್ತೆಯ ಮನೆಯಲ್ಲಿ ಅಜ್ಜಿ ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತಿದ್ದಳು. ಒಲೆಗೆ ಒಂದು ಕಟ್ಟಿಗೆ ನೂಕಿ ಕೇಳಿದಳು: "ಈರಿ, ಅವ್ವನ ನತ್ತು ಯಾವ ಕಡಿ ಇತ್ತಬೇ?"

"ಎಡಕ್ಕ."

"ಬಲಕ್ಕ" ಎಂದೆ ನಾನು.

ಅಜ್ಜಿ ನಮ್ಮಿಬ್ಬರನ್ನೂ ನೋಡಿದಳು. "ನತ್ತು ಇದ್ದಿದ್ದೇ ಇಲ್ಲ ಅಂತ ನನಗ ಅನಿಸ್ತೈತಿ" ಎಂದಳು. ಮದುವೆಯಾಗುವವರೆಗೆ ವಾರವಾರ ಧೂಳು ಒರೆಸಿದ ಮಗಳು, ಅದರ ಕೆಳಗೇ ಕುಳಿತು ಮಗ್ಗಿ ಓದಿದ ಮೊಮ್ಮಗಳು, ದಿನದಿನ ಬೊಟ್ಟಿಟ್ಟ ಅವಳು, ಮೂವರಲ್ಲಿ ಒಬ್ಬರಿಗೂ ಆ ಮುಖ ಗೊತ್ತಿರಲಿಲ್ಲ. ಹುಬ್ಬು ಕೂಡಿತ್ತೋ ಇಲ್ಲವೋ, ಹಣೆ ಅಗಲವೋ ಕಿರಿದೋ, ಏನು ಕೇಳಿದರೂ ಮೂರು ಉತ್ತರ. ದೀಪಾವಳಿ ಮುಗಿದ ಮೇಲೆ ಹಟ ಮಾಡಿ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಸಿರಿಗೇರಿಗೂ ಹೋದಳು. ಅಲ್ಲಿ ಅವ್ವನನ್ನು ಕಂಡವಳು ಒಬ್ಬಳೇ ಮುದುಕಿ ಉಳಿದಿದ್ದಳು, ಕಣ್ಣಿಗೆ ಪೊರೆ ಬಂದಿತ್ತು. ಅಜ್ಜಿ ಅವಳ ಮೊಣಕಾಲು ಹಿಡಿದು ಕುಳಿತು ಕೇಳಿದ್ದೇ ಕೇಳಿದಳು. "ಹೋಗಬೇ ತಂಗಿ, ನನ್ನ ಮಾರಿನೇ ನನಗ ನೆನಪಿಲ್ಲ, ನಿಮ್ಮವ್ವಂದು ಎಲ್ಲಿಂದ ತರ್ಲಿ?" ಎಂದು ಅವಳು ಬೊಚ್ಚುಬಾಯಿ ತುಂಬ ನಕ್ಕಳು. ತಿರುಗಿ ಬರುವಾಗ ಸಿರುಗುಪ್ಪದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅಜ್ಜಿ, "ಬಿಡು ಅಂತ ನೀ ಒದರಿದ್ದು ಛಲೋ ಆತು" ಎಂದಳು. ಹೊಗಳಿದಳೋ ಬೈದಳೋ ಇವತ್ತಿಗೂ ನನಗೆ ತಿಳಿಯದು. ಅದ್ದುವ ಮೊದಲೇ ಒದರಬಹುದಿತ್ತಲ್ಲ ಎಂದು ಅವಳು ಕೇಳಲಿಲ್ಲ. ಕೇಳುತ್ತಾಳೆಂದು ಅವಳಿರುವವರೆಗೂ ಹೆದರಿಕೊಂಡೇ ಇದ್ದೆ.

ನಿಮಗೆ ಇದು ವಿಚಿತ್ರ ಅನ್ನಿಸೀತು. ಆ ಕೆಂಪು ಜೋಡಿನ ಮೇಲಿನ ಜರಿಯ ಎಳೆ, ರತ್ನಗಂಬಳಿಯ ಅಂಚಿನ ಬಳ್ಳಿ, ಕಿಟಕಿಯ ಜಾಲರಿ, ಪಾರಿವಾಳದ ಕಾಲಿನ ಬಣ್ಣ, ಎಲ್ಲವನ್ನೂ ನಾನು ಕಣ್ಣು ಮುಚ್ಚಿದರೆ ಕಾಣಬಲ್ಲೆ. ದೊರೆ ಕಲ್ಪಿಸಿ ಬರೆದದ್ದು ಒಂದೂ ಅಳಿಸಿಲ್ಲ. ನಿಜವಾಗಿ ಅವನ ಎದುರಿಗೆ ನಿಂತಿದ್ದು ಆ ಮುಖ ಒಂದೇ. ಅದು ಎಲ್ಲಿಯೂ ಇಲ್ಲ.

ಅಜ್ಜಿ ಇನ್ನೂ ಎರಡು ವರ್ಷ ಬದುಕಿದಳು. ಕೊನೆಗೆ ಹಾಸಿಗೆ ಹಿಡಿದಾಗ, ಶಾಲೆಯಿಂದ ಬಂದ ನನ್ನನ್ನು ಹತ್ತಿರ ಕರೆದು, ಗದ್ದ ಹಿಡಿದು, ಬಾಗಿಲ ಬೆಳಕಿಗೆ ನನ್ನ ಮುಖ ತಿರುಗಿಸುತ್ತಿದ್ದಳು. ಆಚೆ ಒಮ್ಮೆ, ಈಚೆ ಒಮ್ಮೆ.

"ಏನು ನೋಡ್ತಿ ಅಜ್ಜಿ?"

"ನಿನ್ನ ಮಾರ್ಯಾಗ ಎಲ್ಯಾರ ಸ್ವಲ್ಪ ಉಳಿದಾಳೇನು ಅಂತ ನೋಡ್ತೀನಬೇ."

ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ ಗದ್ದ ಬಿಟ್ಟು, "ಹೋಗು, ಉಣ್ಣು ಹೋಗು" ಎನ್ನುತ್ತಿದ್ದಳು.