ಏಳನೇ ಹೋಲಿನ ಮಾವ

ಲಕ್ಷ್ಮಿದೇವಮ್ಮನಿಗೆ ಈಗ ಕಣ್ತುಂಬ ನಿದ್ದೆ ಬರುತ್ತಿದೆ. ಕೆಂಗೇರಿಯ ನಮ್ಮ ಬೀದಿಯವರಿಗೂ ಅಷ್ಟೇ. ಕೆಲಸದ ಜಾಗದಲ್ಲಿ ಕೊಳ ತೋಡುವ ಸುದ್ದಿ ಬಂದಾಗಿನಿಂದ ಆಕೆ ಕಂಡಕಂಡವರ ಮೇಲೆ ಹರಿಹಾಯುತ್ತಿದ್ದರು. ಪಕ್ಕದ ಮನೆಯವಳಾದ ನನಗಂತೂ ಹಾಲು ತರಲು ಹೊರಗೆ ಬರುವುದಕ್ಕೂ ಭಯವಾಗಿತ್ತು.

ಅವರು ಊರಾಚೆಯ ಗಾಲ್ಫ್ ಕ್ಲಬ್ಬಿನಲ್ಲಿ ಕಳೆ ಕೀಳುತ್ತಾರೆ. ಅದೇ ನೆಲದಲ್ಲಿ ಹಿಂದೆ ರಾಗಿ ಹೊಲದ ಕಳೆ ಕೀಳುತ್ತಿದ್ದವರೂ ಅವರೇ. ಆಗ ಅದು ಅವರ ಮಾವ ಉಗ್ರಪ್ಪನವರ ಹೊಲ. ಮಾವ ತೀರಿಕೊಂಡಾಗ ಮನೆತನದ ಪದ್ಧತಿಯಂತೆ ಹೊಲದಲ್ಲೇ ಮಣ್ಣು ಮಾಡಿದರು. ಆಮೇಲೆ ಕ್ಲಬ್ಬಿನವರು ಸುತ್ತಲ ಹೊಲಗಳನ್ನೆಲ್ಲ ಕೊಂಡರು. ಸಮಾಧಿ ಇದೆ ಅಂದರೆ ಕಿತ್ತುಕೊಂಡು ಹೋಗಿ ಅಂದಾರು ಎಂದು ಹೆದರಿದ ಗಂಡ ತಿಮ್ಮಯ್ಯ, ಕಲ್ಲು ತೆಗೆದು, ನೆಲ ಮಟ್ಟ ಮಾಡಿ, ಮೇಲೊಂದು ಹೊಂಗೆ ಸಸಿ ನೆಟ್ಟು ಬಾಯಿ ಮುಚ್ಚಿಕೊಂಡರು. ಹೊಲ ಹೋಗಿ ಹುಲ್ಲುಹಾಸು ಬಂತು. ಪಂಪ್‌ಸೆಟ್ ಇದ್ದಲ್ಲಿ ಈಜುಕೊಳ, ರಾಗಿ ಕಣದ ಮೇಲೆ ಕ್ಲಬ್‌ಹೌಸು. ಹೊಂಗೆ, ಚೆಂಡು ಬೀಳಿಸುವ ಏಳನೇ ಗುಳಿಯ, ಅಂದರೆ ಅವರ ಭಾಷೆಯ ಏಳನೇ ಹೋಲಿನ, ಪಕ್ಕ ಬೆಳೆದು ಮರವಾಯಿತು. ಪ್ರತಿ ಮಹಾಲಯ ಅಮಾವಾಸ್ಯೆಗೆ, ಆಟಗಾರರು ಬರುವ ಮುಂಚೆ, ಸೊಸೆ ಅದರ ಬುಡದಲ್ಲಿ ಕದ್ದು ಎಡೆ ಇಟ್ಟು ಬರುತ್ತಿದ್ದರು: ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ.

ಈ ವರ್ಷ ಅಲ್ಲೊಂದು ಕೊಳ ತೋಡುತ್ತಾರೆಂದು ಗೊತ್ತಾಯಿತು. ಮರದ ಸುತ್ತ ಸುಣ್ಣದ ಗುರುತೂ ಬಿತ್ತು. ಮಾವನ ಮೂಳೆ ಜೆಸಿಬಿಯ ಬಾಯಿಗೆ ಸಿಗುತ್ತದಲ್ಲ ಅಂತ ಆಕೆ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದರು.

"ಸುಮ್ನಿರು, ಈಗ ಹೇಳಿದ್ರೆ ನಿನ್ ಕೆಲ್ಸಾನೂ ಹೋಗುತ್ತೆ," ಎಂದರು ತಿಮ್ಮಯ್ಯ. ಸುಮ್ಮನಿರುವುದರಲ್ಲಿ ಆ ಮನುಷ್ಯನದು ಎತ್ತಿದ ಕೈ.

ಜೆಸಿಬಿ ಬಂದ ಬೆಳಿಗ್ಗೆ ಲಕ್ಷ್ಮಿದೇವಮ್ಮ ಕುಡುಗೋಲು ಬಿಸಾಕಿ, ನೇರ ಕ್ಲಬ್ಬಿನ ಕಾರ್ಯದರ್ಶಿ ಸುಘೋಷ್ ಮುಂದೆ ಹೋಗಿ ನಿಂತರು.

"ಸಾರ್, ಅಲ್ಲಿ ಅಗೀಬೇಡಿ. ಅಲ್ಲಿ ನಮ್ ಮಾವ ಅವ್ರೆ."

ಸುಘೋಷ್ ಕಿಟಕಿಯಿಂದ ಇಣುಕಿದರು. "ಯಾರೂ ಕಾಣ್ತಿಲ್ವಲ್ಲಮ್ಮ?"

"ಮಣ್ಣೊಳಗೆ ಸಾರ್. ಅಮಾಸೆಗೆ ಎಡೆ ಇಡೋಳೂ ನಾನೇ."

"ಅಯ್ಯೋ, ಆ ಕೋಳಿ ನಿಮ್ದಾ?" ಸುಘೋಷ್ ಕುರ್ಚಿಯಲ್ಲಿ ಕುಸಿದರು. "ಯಾರೋ ಕ್ಲಬ್ಬಿಗೆ ಮಾಟ ಮಾಡಿಸ್ತಿದಾರೆ ಅಂದ್ಕೊಂಡಿದ್ವಲ್ಲಮ್ಮ! ಆ ಮರದ ಕೆಳಗೆ ಬಾಲ್ ಬಿದ್ರೆ ಯಾರೂ ಎತ್ತೋದೇ ಇಲ್ಲ. ಆ ಜಾಗದ ಸಹವಾಸಾನೇ ಬೇಡ, ನೀರು ತುಂಬಿಸಿಬಿಡೋಣ ಅಂತಾನೇ ಈ ಕೊಳ!"

ಮಾವನಿಗೆ ಬಡಿಸಿದ ಊಟವೇ ಜೆಸಿಬಿಯನ್ನು ಕರೆಸಿತ್ತು. ಆಡಲು ಬರುವ ದೊಡ್ಡ ದೊಡ್ಡ ಡಾಕ್ಟರು, ಲಾಯರುಗಳೆಲ್ಲ ಇಷ್ಟು ವರ್ಷ ಒಂದು ಕಟ್ಟು ಬೀಡಿಗೆ ಹೆದರಿ ಸುತ್ತುಬಳಸಿ ಓಡಾಡಿದ್ದರು. ಮಾಟವಲ್ಲ ಎಂದು ತಿಳಿದು ಅವರಿಗೂ ಹೋದ ಜೀವ ಬಂದಂತಾಯಿತು. ಜೆಸಿಬಿ ತಿರುಗಿ ಹೋಯಿತು. ಲಕ್ಷ್ಮಿದೇವಮ್ಮ ಅಲ್ಲೇ ಹುಲ್ಲಿನ ಮೇಲೆ ಕೂತು ಮನಸಾರೆ ಅತ್ತರು. ಸಂಜೆ ನನಗೆ ಹೇಳುವಾಗ ಮತ್ತೆ ಅತ್ತರು, ನನ್ನನ್ನೂ ಅಳಿಸಿದರು.

ಅಮಾವಾಸ್ಯೆಯಂದು ನನ್ನನ್ನೂ ಕರೆದುಕೊಂಡು ಹೋದರು. ಹಾಡುಹಗಲಲ್ಲೇ ಎಡೆ ಇಟ್ಟರು. ಎಡೆಯಿಟ್ಟು ಹಿರಿಯರನ್ನು ಕೂಗಿ ಕರೆಯಬೇಕು. ಕದ್ದು ಇಡುವವರು ಹೇಗೆ ಕೂಗುತ್ತಾರೆ? ಇಷ್ಟು ವರ್ಷ ಪಿಸುಗುಟ್ಟಿದ್ದವರು ಈ ಸಲ ಗಂಟಲು ಬಿಚ್ಚಿದರು.

"ಮಾವಾ, ಊಟಕ್ಕೆ ಬನ್ನಿ!"

ಏಳನೇ ಹೋಲಿನ ಹತ್ತಿರ ಚೆಂಡು ಹೊಡೆಯಲು ಕೋಲೆತ್ತಿದ್ದ ವಯಸ್ಸಾದ ಆಟಗಾರರೊಬ್ಬರು ಕೋಲು ಕೆಳಗಿಳಿಸಿ, ಉಗ್ರಪ್ಪನವರ ಊಟ ಮುಗಿಯುವವರೆಗೂ ಕಾದರು.